ನಮ್ಮ ಬೀದಿಯ ದೊರೆಸಾನಿ

ಸಿನಿಮಾ ವಿಮರ್ಶೆ ಬರೆಯುತ್ತೇನೆ ಎಂದು ನಾನು ಹೇಳಿಕೊಂಡು ಓಡಾಡುತ್ತಿದ್ದ ಆ ಬೇಸಿಗೆಯಲ್ಲಿ ನಾನು ನಿಜವಾಗಿ ಮಾಡುತ್ತಿದ್ದದ್ದು ಹಾಲಿವುಡ್ಡಿನ ಒಬ್ಬ ನಟಿಯ ನಾಯಿಗಳು ಬೆಳಿಗ್ಗೆ ಏನು ತಿನ್ನುತ್ತವೆ ಎಂದು ಕನ್ನಡದಲ್ಲಿ ಬರೆಯುವ ಕೆಲಸ. ದೊಡ್ಡಬಳ್ಳಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಮೇಡಮ್ಮು. ಬೆಂಗಳೂರಿನ ಒಂದು ವಾರಪತ್ರಿಕೆಗೆ ಚಿತ್ರಗಳ ಬಗ್ಗೆ ಬರೆದು ಬಸ್ಸಿನಲ್ಲಿ ಕಳಿಸುತ್ತಿದ್ದೆ. ಕಥೆ ಎಲ್ಲಿ ಕುಂಟಿತು, ಯಾರ ಅಭಿನಯ ಎಲ್ಲಿ ಹುಸಿಯಾಯಿತು ಎಂದು ಮೈಯೆಲ್ಲ ಕಣ್ಣಾಗಿ ನೋಡಿ ಬರೆದರೆ ಸಂಪಾದಕರು ಅದನ್ನೆಲ್ಲ ಕತ್ತರಿಸಿ, ನಟಿಯ ಫೋಟೋ ದೊಡ್ಡದಾಗಿ ಹಾಕಿ, ಅದರ ಕೆಳಗೆ ನನ್ನ ಎರಡು ಸಾಲು ಉಳಿಸುತ್ತಿದ್ದರು. ಜೊತೆಗೆ ಹಳೆಯ ಇಂಗ್ಲಿಷ್ ಸಿನಿಮಾ ಪತ್ರಿಕೆಗಳ ಕಟ್ಟೊಂದನ್ನು ಕಳಿಸಿ, ಇದರಲ್ಲಿರುವ ತಾರೆಯರ ಸಮಾಚಾರ ಕನ್ನಡ ಮಾಡಿ, ಓದುಗರಿಗೆ ಬೇಕಾದದ್ದು ಇದೇ ಎನ್ನುತ್ತಿದ್ದರು. ಆದರೂ ಬರೆಯುತ್ತಿದ್ದೆ, ಯಾಕೆಂದರೆ ಆ ಎರಡು ಸಾಲು ಅಚ್ಚಾಗಬೇಕಾದರೆ ನಾಯಿಗಳ ಊಟವೂ ಅಚ್ಚಾಗಬೇಕಿತ್ತು.

ಎರಡನೆಯ ಮಹಾಯುದ್ಧದ ಕಾಲ ಅದು. ಬೆಂಗಳೂರಿನ ದಂಡು ಪ್ರದೇಶದ ತುಂಬ ಸೋಲ್ಜರುಗಳು, ಅವರಿಗೆಂದು ರಾಶಿ ರಾಶಿ ಇಂಗ್ಲಿಷ್ ಚಿತ್ರಗಳು. ಅಲ್ಲಿ ಓಡಿ ಓಡಿ ಗೀರುಬಿದ್ದ ಮೇಲೆ ಆ ರೀಲುಗಳು ಕಡಿಮೆ ಬಾಡಿಗೆಗೆ ನಮ್ಮಂಥ ಊರುಗಳ ಟೆಂಟ್ ಸಿನಿಮಾಕ್ಕೆ ಬರುತ್ತಿದ್ದವು. ನಾನು ಅವನ್ನು ಸುಮ್ಮಸುಮ್ಮನೆ ಬೈಯುತ್ತಿರಲಿಲ್ಲ. ಕೆಲವು ಬಹಳ ಚೆನ್ನಾಗಿದ್ದವು. ಆದರೆ ಯಾವ ಚಿತ್ರ ನೋಡಿದರೂ ಬಡವಿಯ ಮನೆಗೂ ಮಹಡಿ ಮೆಟ್ಟಿಲು ಇರಬೇಕು, ಅವಳು ಆ ಮೆಟ್ಟಿಲನ್ನು ಇಳಿದು ಬರಬೇಕು. ಮೂರು ದಿನ ಅತ್ತವಳ ತಲೆಯಲ್ಲಿ ಒಂದು ಕೂದಲು ಅಲುಗಿರುವುದಿಲ್ಲ. ನಮ್ಮ ನಟಿ, ಆ ನಾಯಿಗಳ ಒಡತಿ, ಎಲ್ಲ ಚಿತ್ರದಲ್ಲೂ ಒಂದೇ ರೀತಿ ಗದ್ದ ಎತ್ತಿ, ಒಂದೇ ಕಡೆಯ ಕೆನ್ನೆ ತೋರಿಸಿ ಅಳುತ್ತಿದ್ದಳು. ಇನ್ನೊಂದು ಕೆನ್ನೆಗೆ ಏನಾಗಿದೆ ಎಂದು ನಾನೊಮ್ಮೆ ಬರೆದೆ. ಸಂಪಾದಕರು ಅದನ್ನೂ ಹೊಡೆದುಹಾಕಿದರು.

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ. ಅಪ್ಪ ಹರಿಕಥೆ ದಾಸ. ನಮ್ಮದೂ ನೇಕಾರರ ಮನೆಯೇ, ತಾತ ಮಗ್ಗ ಬಿಟ್ಟು ದಾಸರ ಚಿಟಿಕೆ ತಾಳ ಹಿಡಿದವನು. ಯುಗಾದಿಯಿಂದ ರಾಮನವಮಿಯ ತನಕ ನಮ್ಮ ಬೀದಿಯ ಭಜನೆ ಮಂದಿರದಲ್ಲಿ ದೇವರ ಕಥೆ ಮಾಡುವುದು ತಾತನಿಂದ ಅಪ್ಪನಿಗೆ ಬಂದಿತ್ತು. ಕೊನೆಯ ದಿನ ಪಟ್ಟಾಭಿಷೇಕವಾಗಿ ಮಂಗಳ ಹಾಡಿದ ಮೇಲೆ ಬೀದಿಯ ಯಜಮಾನರು ದಾಸರ ಕೈಗೆ ತಾಂಬೂಲ ಕೊಡುತ್ತಾರೆ. ಕೊಟ್ಟರೆ ಮುಂದಿನ ವರ್ಷವೂ ಕಥೆ ಅವರದೇ ಎಂದು ಅರ್ಥ. ಹಿಂದಿನ ವರ್ಷ ಆ ತಾಂಬೂಲ ಕೊಡುವಾಗ ಯಜಮಾನರು ಗಂಟಲು ಸರಿಮಾಡಿಕೊಂಡಿದ್ದರು.

"ದಾಸರೇ, ಬೇಜಾರು ಮಾಡ್ಕೋಬೇಡಿ. ಜನ ಎಲ್ಲಾ ಟೆಂಟ್ ಕಡೆ ಹೊಂಟೋಗವ್ರೆ. ಬರೋ ವರ್ಷನೂ ಮಂದಿರ ಹಿಂಗೇ ಬಣಬಣ ಅಂತಿದ್ರೆ ಗ್ರಾಮಫೋನ್ ಇಟ್ಟು ಹರಿಕಥೆ ಪ್ಲೇಟ್ ಹಾಕಿಸ್ಬಿಡ್ತೀವಿ. ಬಾಡಿಗೆಗೆ ಸಿಗ್ತದಂತೆ."

ಅಪ್ಪನಿಗೆ ಆವತಿ, ನೆಲಮಂಗಲದ ಕಡೆಯೆಲ್ಲ ಆಗೊಮ್ಮೆ ಈಗೊಮ್ಮೆ ಕಥೆ ಇರುತ್ತಿತ್ತು. ಆದರೆ ಅದು ಬೇರೆ, ಇದು ಬೇರೆ. ಸ್ವಂತ ಬೀದಿಯ ಪೀಠ ಹೋದರೆ ಅಪ್ಪ ಅಲ್ಲಿ ಬರೀ ಮಗ್ಗ ಬಿಟ್ಟ ನೇಕಾರ. ಆ ವರ್ಷವಿಡೀ ಅಪ್ಪನಿಗೆ ಒಂದೇ ಚಿಂತೆ: ಮಂದಿರ ತುಂಬಿಸುವುದು ಹೇಗೆ.

ಶಿವರಾತ್ರಿ ಕಳೆದ ಮೇಲೆ ಟೆಂಟಿನ ಸಾಹುಕಾರ ನಮ್ಮ ಜಗುಲಿಗೆ ಬಂದು ಕೂತ. ಇಂಗ್ಲಿಷ್ ಚಿತ್ರದ ಮಾತು ಯಾರಿಗೂ ತಿಳಿಯದೆ ಜನ ಅರ್ಧಕ್ಕೆ ಎದ್ದು ಹೋಗುತ್ತಾರೆ, ಪರದೆಯ ಪಕ್ಕದಲ್ಲಿ ನಿಂತು ಕಥೆ ಹೇಳಬೇಕು, ದಾಸರಿಗಿಂತ ಒಳ್ಳೆಯ ದನಿ ಯಾರಿಗಿದೆ ಎಂದ. ಅಪ್ಪ ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ಒಪ್ಪಿಕೊಂಡುಬಿಟ್ಟ.

"ನನ್ ದನಿ ಅಲ್ಲಿ ಕೇಳಿದೋರು ಮಂದಿರಕ್ಕೂ ಬತ್ತಾರೆ ಕಣವ್ವಾ," ಅಂದ. "ನೀನು ಇಂಗ್ಲಿಷ್ ಓದಿದೀಯಲ್ಲ, ಕಥೆ ಏನು ಅಂತ ನಂಗೆ ಹೇಳ್ಕೊಡು ಸಾಕು."

ರೀಲಿನ ಡಬ್ಬಿಯ ಜೊತೆಗೆ ಕಥಾಸಾರದ ಒಂದು ಇಂಗ್ಲಿಷ್ ಹಾಳೆ ಬರುತ್ತಿತ್ತು. ಶಾಲೆ ಬಿಟ್ಟು ಬಂದು ನಾನು ಅದನ್ನು ಅಪ್ಪನಿಗೆ ಬಿಡಿಸಿ ಹೇಳುತ್ತಿದ್ದೆ. ಮೊದಲ ಚಿತ್ರದಲ್ಲಿ ನಮ್ಮ ನಟಿ ಆಸ್ಪತ್ರೆಯ ನರ್ಸು. ಮೊದಲ ದಿನ ಅಪ್ಪ ನಾನು ಹೇಳಿಕೊಟ್ಟಂತೆ ಹೇಳಿದ. ನೆಲದ ಮೇಲೆ ಕೂತವರು ಆಕಳಿಸಿದರು. ಹೆಂಗಸರ ಕಡೆ ಅವ್ವನ ಪಕ್ಕದಲ್ಲಿ ಕೂತಿದ್ದ ನನಗೆ ಮಾತ್ರ ಬಹಳ ಸಂತೋಷವಾಗಿತ್ತು, ಚಿತ್ರ ಹೇಗಿದೆಯೋ ಹಾಗೇ ಊರಿಗೆ ಮುಟ್ಟಿತಲ್ಲ ಎಂದು.

ಎರಡನೆಯ ದಿನ ಅಪ್ಪ ಚಿಟಿಕೆ ತಂದ. ಟೆಂಟಿನಲ್ಲಿ ಇದ್ದದ್ದು ಒಂದೇ ಯಂತ್ರ. ಒಂದು ರೀಲು ಮುಗಿದು ಇನ್ನೊಂದು ಏರಿಸುವ ತನಕ ಪರದೆ ಖಾಲಿ. ಆ ಸಂದಿನಲ್ಲಿ ಅಪ್ಪ ಚಿಟಿಕೆ ಹೊಡೆದು, ಒಂದು ಕಂದಪದ್ಯ ಹಾಡಿ, ಈಕೆ ತಾಯಿ ತಂದೆ ಇಲ್ಲದೆ ಅನಾಥರ ಮನೆಯಲ್ಲಿ ಬೆಳೆದವಳು, ತವರಿಲ್ಲದ ಹೆಣ್ಣು, ಅಲ್ಲಿಂದ ದೊರೆಸಾನಿಯಾದಳು ಎಂದು ಶುರುಮಾಡಿದ. ಚಿತ್ರದಲ್ಲಿ ಅದಿರಲಿಲ್ಲ. ಅದು ನಟಿಯ ಸ್ವಂತ ಸಂಗತಿ, ಪತ್ರಿಕೆಗೆಂದು ನಾನು ಬರೆದು ಅವ್ವನಿಗೆ ಓದಿ ಹೇಳಿದ್ದದ್ದು, ಪಕ್ಕದಲ್ಲಿ ವೀಳ್ಯ ಮೆಲ್ಲುತ್ತ ಅಪ್ಪ ಕೇಳಿಸಿಕೊಂಡದ್ದು. ಹೆಂಗಸರ ಕಡೆ ಒಮ್ಮೆಲೇ ಪಿಸುಮಾತು ನಿಂತಿತು. ಯಜಮಾನರ ಹೆಂಡತಿ, ಬೀದಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದವರು, ಸೆರಗಿನಿಂದ ಕಣ್ಣು ಒತ್ತಿಕೊಂಡರು.

ಮುಂದಿನ ವಾರ ಅವಳದೇ ಇನ್ನೊಂದು ಚಿತ್ರ ಬಂತು. ಕಥೆ ಬೇರೆ, ಊರು ಬೇರೆ, ಗಂಡನೂ ಬೇರೆ. ಅಪ್ಪ ಹಿಂದಿನ ವಾರದ ಕಥೆಯನ್ನೇ ಮುಂದುವರಿಸಿದ. ಹಳೆಯ ಗಂಡನಿಗೆ ಮೀಸೆ ಇತ್ತಲ್ಲ ದಾಸರೇ ಎಂದು ಯಾರೋ ಬೆಂಚಿನ ಕಡೆಯಿಂದ ಕೇಳಿದರೆ, ದಂಡಿಗೆ ಸೇರುವಾಗ ತೆಗೆಸಿದ ಎಂದ. ಅದರ ಮುಂದಿನ ವಾರ ಕುದುರೆ ಕಳ್ಳರ ಚಿತ್ರ, ನಟಿ ಅದರಲ್ಲಿ ಕಳ್ಳರ ನಾಯಕನ ಮನೆಯಲ್ಲಿ ಕುಣಿಯುವವಳು. ಯುದ್ಧದಲ್ಲಿ ಸೆರೆಸಿಕ್ಕ ಗಂಡನನ್ನು ಹುಡುಕಿಕೊಂಡು ವೇಷ ಮರೆಸಿ ಹೊರಟಿದ್ದಾಳೆ ಮಹಾತಾಯಿ ಎಂದುಬಿಟ್ಟ. ಜನ ಕೈ ಮುಗಿದರು. ನಾನು ಕತ್ತಲಲ್ಲಿ ಹಣೆ ಚಚ್ಚಿಕೊಂಡೆ.

ಮನೆಗೆ ಬಂದು ಜಗಳವಾಡಿದೆ. "ಅಪ್ಪಾ, ಅವು ಮೂರು ಬೇರೆ ಬೇರೆ ಚಿತ್ರ. ಮೂರು ಜನ ಕಷ್ಟಬಿದ್ದು ಮೂರು ಕಥೆ ಮಾಡವ್ರೆ. ಅವಳು ಕೂಲಿ ತಗೊಂಡು ಆಡೋ ಹೆಂಗಸು. ನಿಜವಾಗಿ ಮೂರು ಗಂಡಂದಿರನ್ನ ಬಿಟ್ಟವಳೆ, ಗೊತ್ತಾ?"

"ಅದನ್ನ ಹೇಳಿದ್ರೆ ಯಾರು ಅಳ್ತಾರೆ?"

"ಯಾಕೆ ಅಳಬೇಕು?"

ಅಪ್ಪ ನನ್ನ ಮುಖ ನೋಡಿದ, ಇವಳಿಗೆ ಓದಿಸಿದ್ದು ದಂಡವಾಯಿತು ಎನ್ನುವ ಹಾಗೆ. "ಅತ್ತೋರು ನಾಳೆನೂ ಬತ್ತಾರೆ ಕಣವ್ವಾ. ಮಂದಿರ ತುಂಬಬೇಕಾದ್ರೆ ಈಗ್ಲಿಂದ್ಲೇ ಅಭ್ಯಾಸ ಆಗಬೇಕು."

ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಂದು ನಮ್ಮ ಬೀದಿಯನ್ನು ನಾನು ಬೈದುಕೊಳ್ಳುತ್ತಿದ್ದೆ. ಆದರೆ ನಮ್ಮವರು ದಡ್ಡರಾಗಿರಲಿಲ್ಲ. ತಮಿಳು ಚಿತ್ರ ನೋಡಿ, ಇವನು ಹೋದ ಸಲ ರಾಜನಾಗಿದ್ದ, ಈ ಸಲ ಕುಡುಕ, ಕುಡುಕನಾಗಿಯೇ ಚೆನ್ನಾಗಿದ್ದಾನೆ ಎಂದು ನನಗಿಂತ ಸರಿಯಾಗಿ ಹೇಳುತ್ತಿದ್ದರು. ಈ ಬಿಳಿ ಹೆಂಗಸಿನ ವಿಷಯದಲ್ಲಿ ಮಾತ್ರ ಹೇಳುವವನು ದಾಸ, ಹೇಳುವ ರೀತಿ ಹರಿಕಥೆಯದು. ಹರಿಕಥೆಯಲ್ಲಿ ಕೇಳಿದ್ದನ್ನು ಸುಳ್ಳೋ ನಿಜವೋ ಎಂದು ಅವರು ಯಾವತ್ತೂ ಕೇಳಿದವರಲ್ಲ. ನನ್ನ ಪತ್ರಿಕೆಯ ಓದುಗರೇನು ಕಮ್ಮಿ? ಬೆಂಗಳೂರಿನಲ್ಲಿ ಕೋಟು ಹಾಕಿಕೊಂಡು ಕಾಫಿ ಕುಡಿಯುವವರು ಅವಳು ಹಾಲಿನಲ್ಲಿ ಸ್ನಾನ ಮಾಡುತ್ತಾಳೆ ಎಂದು ನಂಬಿ ನನಗೇ ಕಾಗದ ಬರೆಯುತ್ತಿದ್ದರು, ಎಷ್ಟು ಸೇರು ಹಾಲು ಎಂದು.

ಯುಗಾದಿಗೆ ಇನ್ನೇನು ಕೆಲವು ದಿನ ಇರುವಾಗ ಅಪ್ಪ ದೊರೆಸಾನಿಯನ್ನು ಬಸುರಿ ಮಾಡಿದ. ಗಂಡ ಸೆರೆಯಲ್ಲಿ, ತವರು ಇಲ್ಲ, ಮಡಿಲು ತುಂಬುವವರು ಯಾರು ಎಂದು ಹಾಡಿ ರೀಲು ಏರುವ ಹೊತ್ತಿಗೆ ನಿಲ್ಲಿಸಿಬಿಟ್ಟ. ಮರುದಿನ ಶಾಲೆಯಿಂದ ಬರುತ್ತೇನೆ, ಟೆಂಟಿನ ಬಾಗಿಲಲ್ಲಿ ನಮ್ಮ ಬೀದಿಯ ಹೆಂಗಸರು. ಅಲ್ಲಿ ತೂಗುಹಾಕಿದ್ದ ನಟಿಯ ದೊಡ್ಡ ಪಟಕ್ಕೆ ಅರಿಸಿನ ಕುಂಕುಮ ಹಚ್ಚಿ, ದೊಡ್ಡಮ್ಮ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ತಮ್ಮ ಮಗ್ಗದಲ್ಲೇ ನೇಯ್ದ ರವಿಕೆ ಕಣ ಇಟ್ಟು ಮಡಿಲು ತುಂಬುತ್ತಿದ್ದರು. ಪಟದಲ್ಲಿ ಅವಳು ಭುಜದ ಮೇಲೆ ಬಟ್ಟೆ ಇಲ್ಲದೆ ಸಿಗರೇಟು ಹಿಡಿದಿದ್ದಳು.

"ತವರಿಲ್ಲ ಅಂದ್ರೆ ನಾವಿಲ್ವೇ? ಇವತ್ತಿಂದ ನಮ್ ಬೀದಿ ಮಗಳು," ಅಂದರು ದೊಡ್ಡಮ್ಮ. ಉಳಿದವರು ಸೋಬಾನೆ ಹಾಡಿದರು.

ಸಾಹುಕಾರ ಹಿಗ್ಗಿ ವಾಲಗದವರನ್ನು ಕರೆಸಿದ. ಇದನ್ನು ಕೋಪದಿಂದ ಬರೆದು ಪತ್ರಿಕೆಗೆ ಕಳಿಸಿದೆ, ಸಿನಿಮಾ ಕಲೆಗೆ ನಮ್ಮಲ್ಲಿ ಆಗುತ್ತಿರುವ ಗತಿ ನೋಡಿ ಎಂದು. ಸಂಪಾದಕರು ನನ್ನ ಕೋಪ ತೆಗೆದು, ಹಾಲಿವುಡ್ ತಾರೆಗೆ ಕನ್ನಡ ನಾಡಿನ ಮಡಿಲಕ್ಕಿ ಎಂದು ತಲೆಬರಹ ಹಾಕಿ, ಈ ಥರದ್ದು ಇನ್ನೂ ಕಳಿಸಿ ಎಂದು ಹೇಳಿ ಕಳಿಸಿದರು.

ಯುಗಾದಿ ಬಂತು. ನವಮಿಯ ತನಕ ಅಪ್ಪ ಮಂದಿರದಲ್ಲಿ ಇರಬೇಕಾದ್ದರಿಂದ ಟೆಂಟಿನಲ್ಲಿ ಆ ದಿನಗಳಿಗೆ ತಮಿಳು ಚಿತ್ರ. ಟೆಂಟಿನಲ್ಲಿ ಕೊನೆಯ ದಿನ ಅಪ್ಪ, ದೊರೆಸಾನಿಯ ಮುಂದಿನ ಕಥೆ ಮಂದಿರದಲ್ಲಿ, ದೇವರ ಕಥೆ ಮುಗಿದ ಮೇಲೆ ಎಂದು ಸಾರಿಬಿಟ್ಟಿದ್ದ. ಇದೇ ಅವನ ಉಪಾಯ. ಬಿಸಿಲು ಇಳಿಯುವ ಹೊತ್ತಿಗೆ ಗೆಜ್ಜೆ ಕಟ್ಟಿ ನಿಂತರೆ ಮಂದಿರದಲ್ಲಿ ಎಂದಿನ ನಾಲ್ಕಾರು ಮುದುಕರು, ಅವ್ವ, ನಾನು. ಹೊರಗೆ ನೋಡಿದರೆ ಬಾವಿಕಟ್ಟೆಯ ಮೇಲೆ, ಎದುರು ಜಗುಲಿಗಳ ಮೇಲೆ ಜನವೋ ಜನ. ಗಂಡಸರು ಬೀಡಿ ಸೇದುತ್ತ, ಹೆಂಗಸರು ನೂಲು ಸುತ್ತುತ್ತ, ದೇವರ ಕಥೆ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದರು. ಒಳಗೆ ಮಂಗಳದ ಆರತಿ ಎತ್ತಿದ್ದೇ ತಡ, ನುಗ್ಗಿ ಬಂದು ಕೂತರು. ದೇವರು ಕಾಡಿಗೆ ಹೊರಡುವ ಪ್ರಸಂಗದ ದಿನವೂ ಅಷ್ಟೇ. ಅಪ್ಪ ಅದನ್ನು ಹೇಳಿದರೆ ಕಲ್ಲೂ ಕರಗಬೇಕು. ಆವತ್ತು ಕರಗಲು ಕಲ್ಲುಗಳೇ ಇದ್ದದ್ದು. ಯಜಮಾನರು ಕಂಬಕ್ಕೊರಗಿ ಗೊರಕೆ ಹೊಡೆದು, ದೊರೆಸಾನಿ ಎಂಬ ಶಬ್ದ ಕಿವಿಗೆ ಬಿದ್ದಾಗ ನೆಟ್ಟಗೆ ಕೂತರು.

"ಮಂದಿರ ತುಂಬ್ತಲ್ಲಪ್ಪ, ಆಯ್ತಾ?" ಎಂದು ಮೂರನೆಯ ದಿನ ಚುಚ್ಚಿ ಕೇಳಿದೆ. ಅಪ್ಪ ಗೆಜ್ಜೆ ಬಿಚ್ಚಿ ಗೂಟಕ್ಕೆ ಹಾಕಿದ. ಆಮೇಲೆ ದಿನದಿನಕ್ಕೆ ಅವನ ಊಟ ಕಮ್ಮಿಯಾಯಿತು. ತಾಂಬೂಲ ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಯಾತಕ್ಕೆ ಸಿಗುತ್ತದೆ ಎಂಬುದೂ ಗೊತ್ತಾಗಿತ್ತು.

ನವಮಿಯ ಬೆಳಿಗ್ಗೆ ನಾನು ಪತ್ರಿಕೆಗೆ ಬರೆಯುತ್ತ ಕೂತಿದ್ದೆ. ನಮ್ಮ ನಟಿಗೆ ನಾಲ್ಕನೆಯ ಮದುವೆ. ಅಪ್ಪ ಸ್ನಾನ ಮಾಡಿ ಬಂದು ಎದುರು ಕೂತ.

"ಇವತ್ತು ಅವಳ ಕಥೆ ಮೊದಲು. ಮೊದಲೇ ಮುಗಿಸ್ಬಿಡ್ತೀನಿ. ಅವಳದ್ದು ಕೇಳಕ್ಕೆ ಎಲ್ಲಾ ಒಳಗೆ ಬಂದು ಕೂತಿರ್ತಾರೆ. ಮುಗಿದ ಮೇಲೆ ಇನ್ನೇನು ಕಾಯೋದೈತೆ? ಪಟ್ಟಾಭಿಷೇಕ ಕೇಳ್ಕೊಂಡು ಹೋಗ್ತಾರೆ."

"ಹೆಂಗೆ ಮುಗಿಸ್ತೀಯ? ಗಂಡ ವಾಪಸ್ ಬಂದ ಅಂತ ಹೇಳು."

"ಬಂದ ಅಂದ್ರೆ ಮುಗಿಯಕಿಲ್ಲ. ಮಗು ಏನಾಯ್ತು ಅಂತಾರೆ, ನಾಮಕರಣ ಯಾವತ್ತು ಅಂತಾರೆ." ಅಪ್ಪ ನನ್ನ ಮಸಿಕುಡಿಕೆಯನ್ನು ಪಕ್ಕಕ್ಕೆ ಸರಿಸಿದ. "ಅವಳು ಸಾಯಬೇಕು ಕಣವ್ವಾ."

ಅಂತೂ ಇಷ್ಟು ದಿನದ ಮೇಲೆ ಅಪ್ಪನಿಗೆ ಬುದ್ಧಿ ಬಂತು, ಒಂದು ಕಥೆಗೆ ಒಂದು ಕೊನೆ ಎಂಬುದು ಬೇಕೆಂದು ತಿಳಿಯಿತು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ವಿಮರ್ಶಕಿ ನೋಡಿ.

ಆ ಸಂಜೆ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾನಕದ ಕೊಳಗ, ಕೋಸಂಬರಿ, ಪಟ್ಟಾಭಿಷೇಕದ ಅಕ್ಷತೆಯ ತಟ್ಟೆ, ಯಜಮಾನರ ಮುಂದೆ ತಾಂಬೂಲದ ತಟ್ಟೆ. ಅಪ್ಪ ಶೋಕದ ಮುಖಾರಿ ರಾಗದಲ್ಲಿ ಎತ್ತಿಕೊಂಡ. ಹಿಮ ಬೀಳುವ ಊರಲ್ಲಿ, ಗುರುತಿಲ್ಲದ ಮನೆಯ ಕೋಣೆಯಲ್ಲಿ, ಹೆರಿಗೆ ನೋವಿನಲ್ಲಿ ಅವಳು ಒಬ್ಬಳೇ. ನೀರು ಕೊಡುವವರಿಲ್ಲ. ಯಾವುದೋ ದೇಶದಲ್ಲಿ ನನಗೆ ಮಡಿಲು ತುಂಬಿದರಂತೆ, ಆ ತಾಯಂದಿರ ಮುಖ ನೋಡಲಿಲ್ಲವಲ್ಲ ಎಂದು ಕಣ್ಣುಮುಚ್ಚಿದಳು. ಅಪ್ಪನ ದನಿ ಒಡೆಯಿತು. ಅವನ ಕೆನ್ನೆಯ ಮೇಲೆ ನಿಜವಾದ ನೀರು. ಇಡೀ ಮಂದಿರ ಗೊಳೋ ಎಂದಿತು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಅವಳ ನಾಲ್ಕನೆಯ ಮದುವೆಯ ಸುದ್ದಿ ಬರೆದ ಮಸಿ ಇನ್ನೂ ನನ್ನ ಬೆರಳಲ್ಲಿತ್ತು.

ಅಪ್ಪ ಮೂಗು ಒರೆಸಿಕೊಂಡ. ಚಿಟಿಕೆ ತಟ್ಟಿ ರಾಗ ಬದಲಿಸಿ, ಇನ್ನು ಸ್ವಾಮಿಯ ಪಟ್ಟಾಭಿಷೇಕ ಎಂದು ತಲೆ ಎತ್ತಿದ. ದೊಡ್ಡಮ್ಮ ಎದ್ದು ನಿಂತಿದ್ದರು. ಅವರ ಹಿಂದೆ ಹೆಂಗಸರೆಲ್ಲ ಏಳುತ್ತಿದ್ದರು.

"ಯಾಕೆ ದೊಡ್ಡಮ್ಮ?"

"ಯಾಕೆ ಅಂದ್ರೆ? ಮಡಿಲು ತುಂಬಿದ ಮಗಳು ಸತ್ತ ಸುದ್ದಿ ಕೇಳಿ ಅಕ್ಷತೆ ಹಿಡಿಯೋದು ಹೆಂಗೆ ದಾಸರೇ? ತಲೆ ಮೇಲೆ ನೀರು ಹಾಕ್ಕೊಳ್ದೆ ದೇವರ ಮುಂದೆ ಕೂರೋದಾ?"

ಅಪ್ಪನ ಕೈಯಲ್ಲಿ ಚಿಟಿಕೆ ನಿಂತಿತು. "ದೊಡ್ಡಮ್ಮ, ಅದು... ಅದು ಕಥೆ ದೊಡ್ಡಮ್ಮ."

"ಕಥೆನೇ ಆಗಿದ್ರೆ ನೀವ್ಯಾಕೆ ಅತ್ರಿ?"

ಅಪ್ಪ ಶಲ್ಯದಿಂದ ಕೆನ್ನೆ ಒರೆಸಿಕೊಂಡ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಇದ್ದಬದ್ದ ದನಿಯಲ್ಲಿ ಹೇಳಿದೆ, ಅವಳು ಸತ್ತಿಲ್ಲ, ಗಟ್ಟಿಮುಟ್ಟಾಗಿ ಇದ್ದಾಳೆ, ಬಸುರಿಯೂ ಅಲ್ಲ, ಮೊನ್ನೆ ತಾನೆ ನಾಲ್ಕನೆಯ ಗಂಡನನ್ನು ಮಾಡಿಕೊಂಡಿದ್ದಾಳೆ, ಬೇಕಾದರೆ ಪತ್ರಿಕೆ ತಂದು ತೋರಿಸುತ್ತೇನೆ ಎಂದು. ನನ್ನ ಬದುಕಿನಲ್ಲಿ ನಾನು ಮಾಡಿದ ಅತ್ಯಂತ ನಿಜವಾದ ವಿಮರ್ಶೆ ಅದು. ಬಾಗಿಲ ಕಡೆ ಹೋಗುತ್ತಿದ್ದ ಒಬ್ಬ ಮುದುಕಿ ನನ್ನ ಭುಜ ಮುಟ್ಟಿದಳು.

"ಸತ್ತೋಳ ಮೇಲೆ ಹಂಗೆಲ್ಲಾ ಅನ್ನಬಾರದು ಕಣವ್ವಾ. ಬುಡು."

ಹೊರಗೆ ಬಾವಿಯ ರಾಟೆಯ ಸದ್ದು ಶುರುವಾಯಿತು. ಹೆಂಗಸರ ಹಿಂದೆ ಗಂಡಸರೂ ಹೋದರು, ಕೊನೆಗೆ ಯಜಮಾನರೂ ಶಲ್ಯ ಕೊಡವಿಕೊಂಡು ಎದ್ದರು. ಮುಹೂರ್ತ ಮೀರುತ್ತದೆ ಎಂದು ಪೂಜಾರಿ ಅವಸರ ಮಾಡಿದ. ಹಾರ್ಮೋನಿಯಂನವನು, ಪೂಜಾರಿ, ಅವ್ವ, ನಾನು ಇಷ್ಟೇ ಜನರ ಮುಂದೆ ಅಪ್ಪ ಪಟ್ಟಾಭಿಷೇಕ ಮಾಡಿದ. ಒಂದು ಪದವನ್ನೂ ಬಿಡಲಿಲ್ಲ. ಅಷ್ಟು ಚೆನ್ನಾಗಿ ಅವನು ಹಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮನೆಗೆ ಬಂದು ಅಪ್ಪ ಗೆಜ್ಜೆ ಬಿಚ್ಚುತ್ತಿದ್ದ. ಯಜಮಾನರು, ದೊಡ್ಡಮ್ಮ ಬಾಗಿಲಲ್ಲಿ ನಿಂತರು. ಇಬ್ಬರ ತಲೆಯೂ ಒದ್ದೆ. ದೊಡ್ಡಮ್ಮನ ಕೈಯಲ್ಲಿ ಅನ್ನದ ತಪ್ಪಲೆ, ಅದರ ಮೇಲೆ ಸಾರಿನ ಚೆಂಬು. ಅವರ ಹಿಂದೆ ಇನ್ನೂ ಇಬ್ಬರು ಹೆಂಗಸರು ಮುಚ್ಚಿದ ಪಾತ್ರೆ ಹಿಡಿದಿದ್ದರು.

"ಒಲೆ ಹಚ್ಚಬೇಡ ಕಣವ್ವಾ," ಅಂದರು ದೊಡ್ಡಮ್ಮ, ಅವ್ವನಿಗೆ. "ನಮಗೆ ಒಂದ್ ಸ್ನಾನಕ್ಕೆ ಸೂತಕ ಕಳೀತು. ದಾಸರು ಅವಳನ್ನ ಹೆತ್ತ ಮಗಳಂಗೆ ಸಾಕವ್ರೆ. ಹೆತ್ತೋರ ಮನೆ ಇದು."

ಯಜಮಾನರು ಜಗುಲಿಯ ಮೇಲೆ ಕೂತು ಅಪ್ಪನ ಬೆನ್ನು ಸವರಿದರು. "ತಾಂಬೂಲ ತಂದಿಲ್ಲ ದಾಸರೇ. ಸೂತಕದ ಮನೆಗೆ ಕೊಡಂಗಿಲ್ಲ, ನಿಮಗೇ ಗೊತ್ತಲ್ಲ. ಬರೋ ವರ್ಷಕ್ಕೆ ಗ್ರಾಮಫೋನ್ ಪ್ಲೇಟೇ ಹಾಕಿಸೋಣ ಬುಡಿ. ನಿಮಗೂ ದುಃಖ ಆರಬೇಕು." ಅವರ ದನಿಯಲ್ಲಿ ಒಂದಿಷ್ಟೂ ಕುಹಕ ಇರಲಿಲ್ಲ. ಅದೇ ನನಗೆ ಸಹಿಸಲಾಗದ್ದು.

ಅವರು ಹೋದ ಮೇಲೆ ಅವ್ವ ಎಲೆ ಹಾಕಿದಳು. ಅಪ್ಪ ತಲೆ ತಗ್ಗಿಸಿ ಅನ್ನ ಕಲಸಿದ, ಒಂದೊಂದೇ ತುತ್ತು ತಿಂದ. ನಾನು ಮುಟ್ಟಲಿಲ್ಲ. ಹಬ್ಬಕ್ಕೆಂದು ಮಾಡಿ ಮುಚ್ಚಿಟ್ಟಿದ್ದ ಪಾನಕದ ಪಾತ್ರೆಯನ್ನು ಅವ್ವ ಎತ್ತಿಕೊಂಡು ಹಿತ್ತಲ ಕಡೆ ನಡೆದಳು.

"ನೀನೂನಾ ಅವ್ವಾ?" ಎಂದೆ.

"ಬೀದಿಯೋರೆಲ್ಲಾ ತಲೆಗೆ ನೀರು ಹಾಕ್ಕೊಂಡು ಕೂತವ್ರೆ," ಅಂದಳು ಅವ್ವ. "ನಮ್ ಮನೇಲಿ ಪಾನಕ ಕುಡಿಯೋದಾ?"

ಅವಳು ಅದನ್ನು ನುಗ್ಗೆಮರದ ಬುಡಕ್ಕೆ ಸುರಿದಳು.